ಪ್ರಯೋಜನವೂ ಪ್ರಶಸ್ತಿಯೂ

ಕನ್ನಡದಲ್ಲಿ ಸಿದ್ಧವಾಗುವ ಸಂಶೋಧನ ಮಹಾಪ್ರಬಂಧಗಳ ಮೊದಲನೆಯ ಅಧ್ಯಾಯದಲ್ಲಿ ‘ಅಧ್ಯಯನದ ಮಹತ್ತ್ವ’ ಎಂಬ ಒಂದು ಚಿಕ್ಕ ಭಾಗವಿರುವುದು ಈಚಿನ ವಾಡಿಕೆಯಾಗಿದೆ. ಡಾಕ್ಟರೇಟ್ ಪದವಿಗೆ ಸೇರಿದವರೆಲ್ಲರೂ ಸಂಶೋಧನ ವಿಧಾನವನ್ನು ಕುರಿತ ತರಗತಿಗಳಿಗೆ ಕುಳಿತುಕೊಳ್ಳಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೦೯ರ ನಿಯಮಾವಳಿಯಲ್ಲಿ ಗೊತ್ತುಮಾಡಿದ ಮೇಲೆ ಈ ಭಾಗವು ಪ್ರಬಂಧದ ಅವಯವಗಳಲ್ಲಿ ಒಂದಾಗಿ ನಿಂತುಬಿಟ್ಟಿರುವಂತೆ ತೋರುತ್ತದೆ. ಅದರಲ್ಲಿ ಬರುವ ಮಾತುಗಳು ಬಹುಮಟ್ಟಿಗೆ ಗೊತ್ತಾದುವೇ. ಈ ವಿಷಯವನ್ನು ಇದುವರೆಗೆ ಯಾರೂ ಸಮಗ್ರವಾಗಿ ಅಭ್ಯಾಸಮಾಡಿಲ್ಲವೆಂಬುದೊಂದು. ಇದರಿಂದ ನಾಡಿನ ಸಂಸ್ಕೃತಿಯ ಮೇಲೆ ಹೊಸ ಬೆಳಕು ಬೀಳುವುದೆಂಬುದು ಇನ್ನೊಂದು. ಮುಂದೆ ಬರುವ ಸಂಶೋಧಕರಿಗೆ ಇದು ದಾರಿದೀಪವಾಗುವುದೆಂಬುದು ಕಡೆಯದು. ಗಮಕಕಲೆಯನ್ನು ಕುರಿತ ಪ್ರಬಂಧದಿಂದ ಈ ಭಾಗವನ್ನು ತೆಗೆದು ಗ್ರಾಮದೇವತೆಗಳನ್ನು ಕುರಿತ ಪ್ರಬಂಧಕ್ಕೆ ಸೇರಿಸಿದರೆ ಒಂದು ಪದವನ್ನೂ ತಿದ್ದಬೇಕಾದ ಪ್ರಮೇಯವಿಲ್ಲ. ಎಲ್ಲ ಗ್ರಂಥಗಳಿಗೂ ಸಮನಾಗಿ ಒಪ್ಪುವ ಮಾತು ಯಾವ ಗ್ರಂಥವನ್ನು ಕುರಿತೂ ಏನನ್ನೂ ಹೇಳಿದಂತಾಗುವುದಿಲ್ಲ.

ಇದು ವಿದ್ಯಾರ್ಥಿಗಳ ಸೋಮಾರಿತನವೆಂದು ಹೇಳಿ ಮುಗಿಸುವುದು ಸುಲಭವಾದರೂ ನ್ಯಾಯವಲ್ಲ. ನಾಲ್ಕೈದು ವರ್ಷ ಹಳ್ಳಿಹಳ್ಳಿ ಅಲೆದು, ಓಲೆಯ ಕಟ್ಟುಗಳನ್ನು ಬಿಚ್ಚಿ, ಪಾಠಾಂತರಗಳನ್ನು ಗುರುತುಹಾಕಿಕೊಂಡವನು ಸೋಮಾರಿಯಾಗಿರಲಾರನು. ತನ್ನ ಕೆಲಸ ಏತಕ್ಕೆ ಬೇಕೆಂಬುದನ್ನು ಹೇಳುವ ಬಗೆಯನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ. ತಲೆಬರಹವನ್ನು ಮಾತ್ರ ಕೊಟ್ಟು, ಕೆಳಗಿನ ಜಾಗವನ್ನು ತುಂಬಿಕೊಂಡು ಬರುವಂತೆ ಹೇಳಿ ಬಿಟ್ಟಿರುತ್ತಾರೆ. ಅವನು ಹಿಂದಿನ ಪ್ರಬಂಧಗಳಲ್ಲಿ ಅದನ್ನು ಹೇಗೆ ತುಂಬಿದ್ದಾರೆಂದು ನೋಡಿ ಹಾಗೆಯೇ ತುಂಬುತ್ತಾನೆ.

ಆಶ್ಚರ್ಯವೇನೆಂದರೆ, ಈ ವಿಷಯದಲ್ಲಿ ಹೊರಗಿನಿಂದ ಕಲಿಯಬೇಕಾದ ಅಗತ್ಯವೇ ಇಲ್ಲದಷ್ಟು ಹಳೆಯ ಶಿಕ್ಷಣವೊಂದು ಈ ದೇಶದಲ್ಲಿದ್ದಿತು. ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳಬೇಕೆಂಬ ಕಟ್ಟಳೆ ಶಾಸ್ತ್ರಕಾರರಲ್ಲಿ ರೂಢವಾಗಿತ್ತಷ್ಟೆ. ಪ್ರಯೋಜನವನ್ನು ಹೇಳದಿದ್ದರೆ ಯಾವ ಶಾಸ್ತ್ರವನ್ನೂ ಯಾರೂ ಕೈಗೆತ್ತಿಕೊಳ್ಳರೆಂಬುದು ಕುಮಾರಿಲಭಟ್ಟನ ಶ್ಲೋಕವಾರ್ತಿಕದ ಪ್ರಸಿದ್ಧವಾದ ಅಭಿಪ್ರಾಯ. ಅದಕ್ಕಿಂತ ಹಿಂದಿನ ಪತಂಜಲಿಯ ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಈ ವಿಚಾರವು ಮತ್ತೂ ಸ್ವಾರಸ್ಯವಾಗಿ ಬಂದಿದೆ. ಹಿಂದಿನ ಕಾಲದಲ್ಲಿ ಉಪನಯನವಾದೊಡನೆ ಹುಡುಗರು ವ್ಯಾಕರಣವನ್ನು ಕಲಿಯುತ್ತಿದ್ದರು. ಈಗಿನವರು ವೇದವನ್ನು ಬಾಯಿಪಾಠ ಮಾಡಿದ ಕೂಡಲೆ, ವೈದಿಕಶಬ್ದಗಳು ವೇದದಿಂದಲೇ ತಿಳಿದುವು, ಲೌಕಿಕಶಬ್ದಗಳು ಲೋಕದಿಂದಲೇ ತಿಳಿದುವು, ವ್ಯಾಕರಣವೇಕೆ ಎಂದು ಕೇಳುತ್ತಾರೆ. ಹೀಗೆ ಬುದ್ಧಿ ಕದಲಿದವರಿಗೆ ಆಚಾರ್ಯನು ಸ್ನೇಹಿತನಂತೆ ನಿಂತು ಶಾಸ್ತ್ರದ ಪ್ರಯೋಜನಗಳನ್ನು ಹೇಳುತ್ತಾನೆ ಎಂಬುದು ಅಲ್ಲಿನ ತಾತ್ಪರ್ಯ. ರಕ್ಷೆ, ಊಹ, ಆಗಮ, ಲಘು, ಅಸಂದೇಹ ಎಂದು ಆತನು ಎಣಿಸುವ ಐದು ಪ್ರಯೋಜನಗಳಲ್ಲಿ ಕೊನೆಯದು ಎಲ್ಲಕ್ಕಿಂತ ಸಣ್ಣದಾಗಿ ಕಾಣುವುದು. ಒಂದು ಸಮಾಸಪದವನ್ನು ಎರಡು ಬಗೆಯಾಗಿ ಬಿಡಿಸಬಹುದಾದ ಕಡೆ ಯಾವುದು ಸರಿಯೆಂಬ ಸಂದೇಹವನ್ನು ಕಳೆಯುವುದು ಅದರ ಕೆಲಸ. ಆ ಸಣ್ಣ ಪ್ರಯೋಜನವನ್ನು ಹೇಳಲು ಭಾಷ್ಯಕಾರನು ನಾಚಲಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಕನ್ನಡದಲ್ಲಿ ಇದಕ್ಕೆ ಸಮೀಪವಾದ ಉದಾಹರಣೆ ಕೇಶಿರಾಜನ ಶಬ್ದಮಣಿದರ್ಪಣ. ಹದಿಮೂರನೆಯ ಶತಮಾನದ ಈ ವೈಯಾಕರಣನು ತನ್ನ ಗ್ರಂಥದ ಫಲವನ್ನು ಪೀಠಿಕೆಯಲ್ಲಿಯೇ ಹೇಳಿದ್ದಾನೆ. ವ್ಯಾಕರಣದಿಂದ ಪದವೂ, ಪದದಿಂದ ಅರ್ಥವೂ, ಅರ್ಥದಿಂದ ತತ್ತ್ವದ ಕಾಣ್ಕೆಯೂ, ಅದರಿಂದ ಮುಕ್ತಿಯೂ ದೊರೆಯುವುವೆಂದು ಅವನ ಸರಣಿ. ಇದು ಗಂಭೀರವಾದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ಭಾಷೆಯ ಯಾವ ವ್ಯಾಕರಣಕ್ಕಾದರೂ ಇದು ಒಪ್ಪುವುದು. ಕೇಶಿರಾಜನೇ ಏತಕ್ಕೆ, ಕನ್ನಡಕ್ಕೇ ಏತಕ್ಕೆ, ಆ ಕಾಲದಲ್ಲಿಯೇ ಏತಕ್ಕೆ ಎಂಬ ಪ್ರಶ್ನೆಗಳಿಗೆ ಪೀಠಿಕೆಯು ಉತ್ತರಕೊಡುವುದಿಲ್ಲ. ಉತ್ತರವಿರುವುದು ಗ್ರಂಥದ ಒಡಲಿನಲ್ಲಿ. ರಳ, ಕುಳ, ಕ್ಷಳಗಳೆಂದು ಬೇರೆಬೇರೆಯಾಗಿ ಗುರುತಿಸಿ, ೞಕಾರವುಳ್ಳ ಶಬ್ದಗಳನ್ನು ಒಂದೊಂದಾಗಿ ಆಯ್ದು ಅವನು ಪಟ್ಟಿ ಕೊಟ್ಟಿರುವುದೇಕೆ? ಜನರ ನಾಲಗೆಯಲ್ಲಿ ಆ ಅಕ್ಷರವು ಅದಾಗಲೇ ಬೇರೆ ಅಕ್ಷರಗಳೊಡನೆ ಬೆರೆತುಹೋಗುತ್ತಿದ್ದುದರಿಂದ. ಎಲ್ಲರ ಬಾಯಲ್ಲೂ ಸ್ಪಷ್ಟವಾಗಿದ್ದ ಅಕ್ಷರಕ್ಕೆ ಪಟ್ಟಿ ಬೇಕಾಗುವುದಿಲ್ಲ. ಹಿಂದಿನ ಕವಿಗಳನ್ನು ಓದುವವನಿಗೆ ಪ್ರಾಸದಲ್ಲಿಯೂ ಅರ್ಥದಲ್ಲಿಯೂ ಸಂದೇಹ ಬರಬಾರದೆಂಬುದೇ ಆ ಪಟ್ಟಿಯ ಪ್ರಯೋಜನ. ಎಂದರೆ ಪತಂಜಲಿಯ ಅಸಂದೇಹವೇ. ಕೇಶಿರಾಜನು ಪೀಠಿಕೆಯಲ್ಲಿ ಮುಕ್ತಿಯನ್ನು ಹೇಳಿದನು, ಒಡಲಿನಲ್ಲಿ ೞಕಾರವನ್ನು ಉಳಿಸಿದನು. ಆ ಅಕ್ಷರವು ಲಿಪಿಯಿಂದಲೂ ಜಾರಿಹೋದ ಮೇಲೆ ಹಳಗನ್ನಡ ಗ್ರಂಥಗಳನ್ನು ಸಂಪಾದಿಸಿದವರಿಗೆ ಒದಗಿದುದು ಈ ಎರಡನೆಯ ಪ್ರಯೋಜನವೇ.

ಈಗಿನ ವಿದ್ಯಾರ್ಥಿಗಳು ಮಾಡುವ ತಪ್ಪಿನ ಸ್ವರೂಪವೂ ಇದೇ. ಅವರ ಪ್ರಬಂಧಗಳ ಒಡಲಿನಲ್ಲಿ ೞಕಾರದಂಥ ಬೆಲೆಬಾಳುವ ಸಣ್ಣ ವಸ್ತುವು ಎಲ್ಲಿಯೋ ಇದ್ದೇ ಇರುತ್ತದೆ. ಆದರೆ ಮಹತ್ತ್ವವನ್ನು ಹೇಳುವಾಗ ಅದನ್ನು ಬಿಟ್ಟು ಮುಕ್ತಿಗೆ ಕೈಚಾಚುತ್ತಾರೆ. ಕೇಶಿರಾಜನಿಗೆ ಆ ಸರಣಿಯು ಸಂಪ್ರದಾಯದಿಂದ ಬಂದುದು, ಅವನ ಓದುಗರೂ ಅದನ್ನು ಹಾಗೆಯೇ ತಿಳಿದುಕೊಳ್ಳುತ್ತಿದ್ದರು. ಇವರಿಗೆ ಆ ಸಮಾಧಾನವೂ ಇಲ್ಲ.

‘ಇದುವರೆಗೆ ಯಾರೂ ಮಾಡಿಲ್ಲ’ ಎಂಬ ವಾಕ್ಯವನ್ನು ಪ್ರತ್ಯೇಕವಾಗಿ ವಿಚಾರಿಸಬೇಕಾಗಿದೆ. ಯಾರೂ ಮಾಡದಿರುವ ಕೆಲಸಗಳು ಲೋಕದಲ್ಲಿ ಅಸಂಖ್ಯಾತವಾಗಿವೆ. ಅವುಗಳಲ್ಲಿ ಬಹುಭಾಗವು ಮಾಡಬೇಕಾದ ಅಗತ್ಯವಿಲ್ಲದೆ ಉಳಿದುವೇ. ಇನ್ನು ಹಲವರು ಕೈಯಾಡಿಸಿದ ಸಾಮಗ್ರಿಯಿಂದಲೇ ಕನ್ನಡದ ಅತ್ಯಂತ ಪ್ರಯೋಜನಕರವಾದ ಸಂಶೋಧನೆಗಳಲ್ಲಿ ಒಂದು ಹುಟ್ಟಿತೆಂಬುದನ್ನು ಮರೆಯಬಾರದು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ೧೯೬೬ರಲ್ಲಿ ಪ್ರಕಟವಾಯಿತು. ಕ್ರಿ.ಶ. ೪೫೦ರಿಂದ ೧೧೫೦ರವರೆಗಿನ ಶಾಸನಗಳು ಅದರ ವಸ್ತು. ಆ ಶಾಸನಗಳಲ್ಲಿ ಬಹುಪಾಲು ಬಿ. ಎಲ್. ರೈಸರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿಯೂ ಇತರ ಸಂಗ್ರಹಗಳಲ್ಲಿಯೂ ಮೊದಲೇ ಅಚ್ಚಾಗಿದ್ದುವು. ರಾಜವಂಶಗಳ ಕಾಲಕ್ರಮವನ್ನು ಗೊತ್ತುಮಾಡುವವರು ಅವನ್ನು ಮತ್ತೆ ಮತ್ತೆ ತಿರುವಿಹಾಕಿದ್ದರು. ಹೊಸದಾದುದು ಸಾಮಗ್ರಿಯಲ್ಲ, ಪ್ರಶ್ನೆ. ದೊರೆ ಯಾರು, ಯಾವ ಶಕವರ್ಷ ಎಂದು ಕೇಳುತ್ತಿದ್ದ ಕಲ್ಲನ್ನೇ, ಸತ್ತವನು ಏತಕ್ಕಾಗಿ ಸತ್ತನು, ಅವನ ಹೆಂಡತಿ ಏನು ಮಾಡಿದಳು, ಊರವರು ಅವನಿಗೆ ಏಕೆ ಕಲ್ಲು ನೆಟ್ಟರು ಎಂದು ಕೇಳಿದಾಗ ವೀರಗಲ್ಲು ಮಾಸ್ತಿಕಲ್ಲುಗಳು ಬೇರೆಯಾಗಿ ಮಾತನಾಡಿದುವು. ಗ್ರಂಥದ ಹೆಸರಿನಲ್ಲಿರುವ ‘ಸಾಂಸ್ಕೃತಿಕ’ ಎಂಬ ಒಂದು ಪದವೇ ಪ್ರಯೋಜನವಾಕ್ಯದ ಕೆಲಸವನ್ನು ಮಾಡಿದೆ. ಅದೇ ಪದವು ಅನಂತರ ನೂರಾರು ಪ್ರಬಂಧಗಳ ಹೆಸರಿನಲ್ಲಿ ಸೇರಿಕೊಂಡು ಸವೆದುಹೋದುದು ಬೇರೆಯ ಕಥೆ. ಅದಕ್ಕೆ ಮೂಲಗ್ರಂಥವು ಹೊಣೆಯಲ್ಲ.

ಶಾಸನಗಳ ಮಾತು ಬಂದುದರಿಂದ ಅಲ್ಲಿನ ಒಂದು ಭೇದವನ್ನೇ ಇಲ್ಲಿ ಅನ್ವಯಿಸಿಕೊಳ್ಳಬಹುದು. ದಾನಶಾಸನದ ಮೊದಲ ಭಾಗದಲ್ಲಿ ದೊರೆಯ ಪ್ರಶಸ್ತಿಯಿರುತ್ತದೆ. ಅವನು ಶತ್ರುಗಳಿಗೆ ಸಿಂಹ, ಆಶ್ರಿತರಿಗೆ ಕಲ್ಪವೃಕ್ಷ. ಬಿರುದುಗಳ ಮಾಲೆ ಸಾಲುಗಟ್ಟಲೆ ಹರಿಯುತ್ತದೆ. ಕೆಳಗೆ ಬಂದ ಮೇಲೆ ಧಾಟಿ ಬದಲಾಗುತ್ತದೆ: ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ನೆಟ್ಟ ಕಲ್ಲು, ಪಡುವಲಿಗೆ ಹುಣಿಸೆಯ ಮರ. ಮೊದಲನೆಯ ಭಾಗವನ್ನು ಕವಿಯಾದವನು ಎಲ್ಲಿ ಕುಳಿತಾದರೂ ಬರೆಯಬಹುದು. ಎರಡನೆಯದನ್ನು ಬರೆಯಬೇಕಾದರೆ ಹೊಲದ ಸುತ್ತ ಯಾರಾದರೂ ನಡೆದಿರಬೇಕು. ದಾನ ಪಡೆದವನ ಮಕ್ಕಳು ವ್ಯಾಜ್ಯಕ್ಕೆ ಹೋದಾಗ ನೆರವಾಗುತ್ತಿದ್ದುದು ಎರಡನೆಯ ಭಾಗವೇ. ಪ್ರಬಂಧಗಳ ‘ಮಹತ್ತ್ವ’ದ ಭಾಗವು ಈಗ ಪ್ರಶಸ್ತಿಯ ಧಾಟಿಯಲ್ಲಿ ಬರೆಯಲ್ಪಡುತ್ತಿದೆ, ಅದು ಎಲ್ಲೆಯ ಧಾಟಿಯಲ್ಲಿ ಬರೆಯಲ್ಪಡಬೇಕಾದುದು.

ಎಲ್ಲೆಯ ಧಾಟಿಯೆಂದರೆ ಏನೆಂಬುದನ್ನು ಬೆಂಗಳೂರಿಗೆ ಸೇರಿದ ಒಂದು ಕಲ್ಲಿನಿಂದಲೇ ತೋರಿಸಬಹುದು. ಬಸವನಗುಡಿಗೆ ತೆಂಕಣದಲ್ಲಿ, ಈಗ ನಗರದೊಳಗೇ ಸೇರಿಹೋಗಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. ೮೯೦ರದೆಂದು ವಿದ್ವಾಂಸರು ಎಣಿಸಿರುವ ವೀರಗಲ್ಲೊಂದಿದೆ. ಗಂಗರ ಕಾಲದ ನಾಗತ್ತರನ ಕಡೆಯವನಾದ ಬುಟ್ಟಣಸೆಟ್ಟಿಯು ಬೆಂಗುಳೂರ ಕಾಳಗದಲ್ಲಿ ಮಡಿದನೆಂಬ ಸಂಗತಿ ಅದರಲ್ಲಿದೆ. ಈ ಕಲ್ಲನ್ನು ವಿಷಯವಾಗಿ ಹಿಡಿದ ವಿದ್ಯಾರ್ಥಿಯೊಬ್ಬನನ್ನು ಅದರ ಮಹತ್ತ್ವವೇನೆಂದು ಕೇಳಿದರೆ, ‘ಇದು ಬೆಂಗಳೂರಿನ ಭವ್ಯ ಇತಿಹಾಸಕ್ಕೆ ಸಾಕ್ಷಿ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಅದು ಪ್ರಶಸ್ತಿ. ಅವನನ್ನು ಇನ್ನೊಂದು ಬಗೆಯಾಗಿ ನಡೆಸಬೇಕು. ಕಲ್ಲು ದೊರೆಯುವ ಮೊದಲು ಜನರು ಏನನ್ನು ನಂಬಿದ್ದರು? ಬೇಟೆಗೆ ಬಂದು ದಾರಿತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ‘ಬೆಂದಕಾಳೂರು’ ಎಂಬ ಹೆಸರಾಯಿತೆಂದು ನಂಬಿದ್ದರು. ಎರಡನೆಯ ಬಲ್ಲಾಳನು ಪಟ್ಟಕ್ಕೆ ಬಂದುದು ೧೧೭೩ರಲ್ಲಿ. ಅವನಿಗಿಂತ ಮುನ್ನೂರು ವರ್ಷಗಳಿಗೆ ಸಮೀಪವಾದಷ್ಟು ಹಿಂದೆಯೇ ಆ ಹೆಸರು ಕಲ್ಲಿನ ಮೇಲಿದ್ದರೆ ಆ ಕಥೆಯಿಂದ ಹೆಸರು ಹುಟ್ಟಿರಲಾರದು. ಇದು ಮೂಡಲ ಎಲ್ಲೆ. ೧೫೩೭ರಲ್ಲಿ ಕೆಂಪೇಗೌಡನು ಪೇಟೆಯನ್ನು ಕಟ್ಟಿಸಿದಾಗ ಹೆಸರನ್ನು ಹೊಸದಾಗಿ ಮಾಡಲಿಲ್ಲ, ಇದ್ದ ಹೆಸರನ್ನೇ ತೆಗೆದುಕೊಂಡಿರಬೇಕೆಂಬುದು ಅದರಿಂದ ಬರುವ ಇನ್ನೊಂದು ಊಹೆ.

ಪಡುವಲ ಎಲ್ಲೆಯನ್ನು ಹೇಳಿಸುವುದು ಇನ್ನೂ ಮುಖ್ಯ. ಕಲ್ಲು ಏನನ್ನು ಸ್ಥಾಪಿಸುವುದಿಲ್ಲ? ಹೆಸರಿನ ಅರ್ಥವನ್ನು ಅದು ಹೇಳುವುದಿಲ್ಲ. ಅದರಲ್ಲಿ ಹೆಸರಾದ ಬೆಂಗುಳೂರು ಈಗಿನ ಚಾಮರಾಜಪೇಟೆಯ ಬಳಿಯಿರುವ ಕೋಟೆಯ ನೆಲವೇ ಎಂಬುದನ್ನೂ ಅದೊಂದರಿಂದಲೇ ಸಾಧಿಸಲಾಗುವುದಿಲ್ಲ. ಹಳೆಯ ಬೆಂಗಳೂರೆಂಬ ಹೆಸರಿನ ಗ್ರಾಮವೊಂದನ್ನು ಕೊಡಿಗೇಹಳ್ಳಿಯ ಕಡೆ ಬೇರೆಯಾಗಿಯೇ ತೋರಿಸುವುದುಂಟು. ಒಂದು ಕಾಳಗದ ಹೆಸರಿನಿಂದ ಅಲ್ಲಿ ದೊಡ್ಡ ಪಟ್ಟಣವಿದ್ದಿತೆಂದು ಹೇಳುವಂತೆಯೂ ಇಲ್ಲ. ಇಷ್ಟನ್ನೂ ಐದಾರು ವಾಕ್ಯಗಳಲ್ಲಿ ಬರೆಯಬಲ್ಲ ವಿದ್ಯಾರ್ಥಿಯು ತನ್ನ ಕೆಲಸದ ಮಹತ್ತ್ವವನ್ನು ಹೇಳಿದಂತೆಯೂ ಆಯಿತು, ಅದನ್ನು ಪರೀಕ್ಷಿಸಿದಂತೆಯೂ ಆಯಿತು. ಭವ್ಯವೆಂಬ ಪದವು ಅದರಲ್ಲಿ ಎಲ್ಲಿಯೂ ಬೇಕಾಗಲಿಲ್ಲ.

ಪ್ರಾಚೀನತೆಯ ವಿಷಯದಲ್ಲಿ ಈ ಎಚ್ಚರವು ಕನ್ನಡಿಗರಿಗೆ ವಿಶೇಷವಾಗಿ ಬೇಕು. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದುದರ ನಿಜವಾದ ಫಲವು ಐದನೆಯ ಶತಮಾನದ ಕನ್ನಡ ಗದ್ಯದ ಮಾದರಿಯೊಂದು ಭಾಷಾಶಾಸ್ತ್ರಜ್ಞರ ಕೈಗೆ ಸಿಕ್ಕಿದುದು. ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತ ಸಂದರ್ಭದ ವಾದವಿವಾದಗಳಲ್ಲಿ ಶಾಸನಗಳ ಕಾಲವು ಬಿರುದಾವಳಿಯಂತೆ ಉದ್ಘೋಷಿತವಾಯಿತು. ಆ ಸ್ಥಾನವು ಸಲ್ಲತಕ್ಕದ್ದೇ. ಆದರೆ ತರಗತಿಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ, ಹಳೆಯದಾದಷ್ಟೂ ಮಹತ್ತ್ವ ಹೆಚ್ಚೆಂದು ವಿದ್ಯಾರ್ಥಿಯು ತಿಳಿದುಕೊಳ್ಳುತ್ತಾನೆ.

ಇನ್ನು ಚತುಷ್ಟಯದಲ್ಲಿ ನಾಲ್ಕನೆಯದಾದ ಅಧಿಕಾರಿಯ ವಿಚಾರ. ಪ್ರಯೋಜನವನ್ನು ಯಾರಿಗೆ ಹೇಳುವುದು ಎಂಬುದು ತೀರ್ಮಾನವಾಗದೆ ಏನನ್ನು ಹೇಳುವುದೆಂಬುದು ತೀರ್ಮಾನವಾಗುವುದಿಲ್ಲ. ಈ ಕಲೆಯು ಹಳೆಯ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಚೆನ್ನಾಗಿ ತಿಳಿದಿದ್ದಿತು. ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ೧೯೧೮ರ ಸುಮಾರಿನಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ಅದೇ ವಿದ್ವಾಂಸರು ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟರು. ಆ ಆವೃತ್ತಿಯು ೧೯೩೧ರಲ್ಲಿ ಹೊರಬಂದಿತು. ಪಾಠಾಂತರಗಳ ನಡುವೆ ದುಡಿಯುವ ಕೈಯೂ, ಶಾಲೆಯ ಮೆಟ್ಟಿಲು ಹತ್ತಿದ ಸಾಮಾನ್ಯನಿಗೆ ಬೆಳಕು ಶಾಖಗಳನ್ನು ವಿವರಿಸುವ ಕೈಯೂ ಒಂದೇ ಆಗಿದ್ದಿತೆಂಬುದು ಇಲ್ಲಿ ಗಮನಾರ್ಹ. ಜಿ. ವೆಂಕಟಸುಬ್ಬಯ್ಯನವರಲ್ಲಿ ಇದೇ ಗುಣವು ಇನ್ನೊಂದು ರೂಪದಲ್ಲಿ ಕಂಡಿತು. ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ದುಡಿದ ಅವರು ‘ಇಗೋ ಕನ್ನಡ’ ಎಂಬ ಅಂಕಣದಲ್ಲಿ ಓದುಗರು ಕಳುಹಿಸಿದ ಒಂದೊಂದು ಶಬ್ದಸಂದೇಹಕ್ಕೂ ಉತ್ತರಕೊಟ್ಟರು. ನಿಘಂಟಿನ ಪ್ರಯೋಜನವನ್ನು ನಿಘಂಟಿನ ಪ್ರಸ್ತಾವನೆಗಿಂತ ಆ ಅಂಕಣವು ಹೆಚ್ಚು ಜನರಿಗೆ ತಿಳಿಸಿತೆಂದರೆ ತಪ್ಪಾಗಲಾರದು.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯೂ ಈ ಸಾಲಿಗೆ ಸೇರುವುದು. ಅಮೆರಿಕದ ಓಹಾಯೋದಲ್ಲಿ ಪರಮಾಣುಬೀಜದ ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡಿ ಬಂದವರು ವಾರವಾರವೂ ವಿಜ್ಞಾನಿಗಳನ್ನು ಕರೆಯಿಸಿ ಬಡಾವಣೆಯ ಜನರೆದುರಿಗೆ ನಿಲ್ಲಿಸಿದರು. ಇಷ್ಟನ್ನು ಕೃತಜ್ಞತೆಯಿಂದ ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕಾಗುತ್ತದೆ. ಈ ಬಗೆಯ ಉಪನ್ಯಾಸಗಳಿಂದ ನಗರದಲ್ಲಿ ಒಳ್ಳೆಯ ಕೇಳುಗರು ಸಿದ್ಧರಾದರು. ಕೇಳುವುದು ಒಂದು ಶಿಕ್ಷಣ, ಹೇಳುವುದು ಇನ್ನೊಂದು ಶಿಕ್ಷಣ. ವೇದಿಕೆಯ ಮೇಲೆ ಪ್ರೌಢ ವಿದ್ವಾಂಸನೂ ಕೆಳಗೆ ವಿದ್ಯಾರ್ಥಿಯೂ ಇರುವ ಈ ಏರ್ಪಾಡಿನಲ್ಲಿ ಎರಡನೆಯದು ತಾನಾಗಿ ಬರುವುದಿಲ್ಲ. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಆರಂಭಿಸಿದಾಗ ಕಾಲೇಜಿನ ಆವರಣದಿಂದಲೇ ಬರೆಹವು ಹೊರಗೆ ಬಂದಿತೆಂಬುದು ಇಲ್ಲಿ ನೆನಪಿಗೆ ತಕ್ಕುದು.

ಅಧಿಕಾರಿಯನ್ನು ಅರಿತು ಬರೆದವರಲ್ಲಿ ಬಿ. ಜಿ. ಎಲ್. ಸ್ವಾಮಿಯವರನ್ನು ಬಿಡುವಂತಿಲ್ಲ. ಬಸವನಗುಡಿಯ ಡಿ. ವಿ. ಗುಂಡಪ್ಪನವರ ಮಗನಾದ ಅವರು ಸಸ್ಯಗಳ ಅಂತರ್ರಚನೆಯನ್ನು ಕುರಿತು ಮಾಡಿದ ಸಂಶೋಧನೆಗಳು ಹೊರದೇಶದ ಪತ್ರಿಕೆಗಳಲ್ಲಿ ಬಂದುವು. ಕನ್ನಡದ ಓದುಗನ ಬಳಿಗೆ ಬಂದಾಗ ಅವರು ಇಟ್ಟ ಹೆಸರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಓದುಗನು ಆ ದಿನ ಮಧ್ಯಾಹ್ನ ಉಂಡ ಹುಳಿಯಲ್ಲಿಯೇ ವಿಷಯವಿದೆಯೆಂದು ಆ ಹೆಸರು ಹೇಳಿಬಿಡುತ್ತದೆ. ಅದರಲ್ಲಿರುವ ವಿಷಯದ ಪ್ರಯೋಜನವು ಊಟದಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ಸಾಹಿತ್ಯದ ಅಧ್ಯಾಪಕರು ಗಮನಿಸಬಹುದು. ಮೆಣಸಿನಕಾಯಿಯು ಪೋರ್ತುಗೀಸರು ಬಂದ ಮೇಲೆ ಈ ದೇಶಕ್ಕೆ ಬಂದುದು. ಹನ್ನೆರಡನೆಯ ಶತಮಾನದ್ದೆಂದು ಹೇಳಲಾಗುವ ಒಂದು ಪದ್ಯದಲ್ಲಿ ಅದು ಕಾಣಿಸಿಕೊಂಡರೆ ಪದ್ಯದ ಕಾಲವನ್ನೋ ಪಾಠವನ್ನೋ ಶಂಕಿಸಲೇಬೇಕಾಗುತ್ತದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಇದನ್ನು ಯಾರಾದರೂ ತಿಳಿಸಿದ್ದರೆ ತನ್ನ ಪ್ರಬಂಧದ ಓದುಗರಲ್ಲಿ ಗ್ರಂಥಸಂಪಾದಕನೂ ಒಬ್ಬನೆಂದು ಅವನಿಗೆ ಹೊಳೆಯುತ್ತಿತ್ತು.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ಪ್ರಯೋಜನವನ್ನು ಮೊದಲೇ ಹೇಳೆಂದು ಒತ್ತಾಯಪಡಿಸಿದರೆ ಪ್ರಯೋಜನ ಕಾಣಿಸುವ ವಿಷಯಗಳನ್ನೇ ವಿದ್ಯಾರ್ಥಿಗಳು ಹಿಡಿಯುವರು. ಫಲವು ಯಾರಿಗೂ ಗೊತ್ತಿಲ್ಲದ ನಿಧಾನದ ಕೆಲಸಗಳು ನಿಂತುಹೋಗುವುವು ಎಂಬುದೇ ಅದು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಬಂದುವು. ಅದನ್ನು ಮುಂದೆ ಯಾರು ಯಾರು ಏನೇನಕ್ಕೆ ಬಳಸುವರೆಂದು ಆಚಾರ್ಯರು ಮೊದಲೇ ಹೇಳಬೇಕಾಗಿದ್ದರೆ ಮೊದಲನೆಯ ಸಂಪುಟವೂ ಬರುತ್ತಿರಲಿಲ್ಲವೇನೋ. ಆಕ್ಷೇಪವು ಫಲಕ್ಕೆ ಸಲ್ಲುವುದು, ಪ್ರಯೋಜನಕ್ಕೆ ಸಲ್ಲುವುದಿಲ್ಲ. ಫಲವು ಕಾಲಾಂತರದಲ್ಲಿ ಇತರರ ಕೈಯಲ್ಲಿ ಆಗತಕ್ಕದ್ದು; ಅದನ್ನು ಮುಂದಾಗಿ ಹೇಳಬಂದವನು ಜೋಯಿಸನಾಗುತ್ತಾನೆ. ಪ್ರಯೋಜನವೆಂದರೆ ಈಗ ಇರುವ ಯಾವ ಸಂದೇಹವನ್ನು ಕಳೆಯಲು ಹೊರಟಿದೆಯೆಂಬುದು. ಕವಿಗಳ ಹೆಸರು, ಕಾಲ, ಗ್ರಂಥಗಳು ಗೊಂದಲವಾಗಿದ್ದುವು. ಅವನ್ನು ಕ್ರಮಕ್ಕೆ ತರುವುದು ಕವಿಚರಿತೆಯ ಕೆಲಸವಾಗಿದ್ದಿತು. ಇಷ್ಟನ್ನು ಹೇಳಲು ಭವಿಷ್ಯಜ್ಞಾನ ಬೇಕಾಗಿಲ್ಲ.

ಹೊರದೇಶಗಳಲ್ಲಿಯೂ ಈ ಕಲೆಗೆ ಈಚೆಗೆ ಏರ್ಪಾಡುಗಳಾಗಿವೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯವು ೨೦೦೮ರಲ್ಲಿ ಆರಂಭಿಸಿದ ಸ್ಪರ್ಧೆಯಲ್ಲಿ ವಿದ್ಯಾರ್ಥಿಯು ತನ್ನ ಮಹಾಪ್ರಬಂಧವನ್ನು ಮೂರೇ ನಿಮಿಷಗಳಲ್ಲಿ, ಒಂದೇ ಚಿತ್ರದ ನೆರವಿನಿಂದ, ವಿಷಯವನ್ನರಿಯದ ಸಭೆಗೆ ವಿವರಿಸಬೇಕು. ಅದು ಈಗ ಅನೇಕ ದೇಶಗಳಿಗೆ ಹರಡಿದೆ. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ೨೦೧೮ರಲ್ಲಿ ವಿಜ್ಞಾನದ ಸಂಶೋಧಕರು ತಮ್ಮ ಕೆಲಸವನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆದ ಲೇಖನಗಳಿಗೆ ಬಹುಮಾನಗಳನ್ನು ಏರ್ಪಡಿಸಿತು. ನಾಲಗೆ ಹರಿತವಾಗಲು ಇವು ಒಳ್ಳೆಯವು. ಆದರೆ ಮೂರು ನಿಮಿಷಗಳಲ್ಲಿ ಮೂಡಲ ಎಲ್ಲೆಯನ್ನು ಹೇಳಲು ಹೊತ್ತು ಸಾಲುವುದೇ ಹೊರತು ಪಡುವಲ ಎಲ್ಲೆಯನ್ನು ಹೇಳಲು ಸಾಲುವುದಿಲ್ಲ. ಬಹುಮಾನವಿದ್ದ ಕಡೆ ಬಿರುದುಗಳು ಹಿಂದೆಯೇ ಬರುತ್ತವೆ.

ಕನ್ನಡ ವಿಭಾಗಗಳಲ್ಲಿ ಮಾಡಬಹುದಾದುದು ಇದಕ್ಕಿಂತ ಸರಳವಾದುದು. ವಿದ್ಯಾರ್ಥಿಯು ವಿಷಯವನ್ನು ನೋಂದಾಯಿಸುವಾಗಲೇ ಒಂದು ಪುಟವನ್ನು ಬರೆದುಕೊಡಲಿ: ಈಗ ಏನು ನಂಬಿಕೆಯಲ್ಲಿದೆ, ಅದರಲ್ಲಿ ಸಂದೇಹವೆಲ್ಲಿದೆ, ಸಂದೇಹ ಕಳೆದರೆ ಯಾರ ಯಾವ ಮಾತು ಬದಲಾಗಬೇಕಾಗುತ್ತದೆ, ಏನು ಬದಲಾಗುವುದಿಲ್ಲ. ವರ್ಷಕ್ಕೊಮ್ಮೆ ಆ ಪುಟವನ್ನು ಹಳೆಯದನ್ನು ಹರಿಯದೆ ಹೊಸದಾಗಿ ಬರೆಯಲಿ. ಅದನ್ನು ಓದುವವರು ಮಾರ್ಗದರ್ಶಕರಲ್ಲದೆ ಬೇರೆ ವಿಭಾಗದ ಅಧ್ಯಾಪಕರೊಬ್ಬರಾದರೆ ಲೇಸು; ಪರಿಚಿತನಿಗೆ ಹೇಳುವಾಗ ಬಿಟ್ಟುಹೋಗುವ ಮೆಟ್ಟಿಲುಗಳು ಅಪರಿಚಿತನು ಎಡವಿದಾಗ ಕಾಣಿಸುತ್ತವೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರ ಮುಂದೆ ಪ್ರಬಂಧದೊಡನೆ ಈ ನಾಲ್ಕೈದು ಪುಟಗಳನ್ನೂ ಇಟ್ಟರೆ, ‘ಅಧ್ಯಯನದ ಮಹತ್ತ್ವ’ವೆಂಬ ತಲೆಬರಹವನ್ನು ಪ್ರಬಂಧದಿಂದ ತೆಗೆದುಹಾಕಿದರೂ ನಷ್ಟವಾಗಲಾರದು.